ದೇವರ ಸೇವೆ ಸರಿ ಸ್ವಾಮಿ, ಸಂಬಳ ಎಷ್ಟು?

ಪತ್ರ (ಶಿವಮೊಗ್ಗದ ಓದುಗರಿಂದ): ಕಳೆದ ಸಂಚಿಕೆಯಲ್ಲಿ ಜರ್ಮನಿಯ ಸಂಗೀತಗಾರ ಬಾಖ್ ಬಗ್ಗೆ ಬಂದ ಲೇಖನ ಓದಿ ಬೇಜಾರಾಯ್ತು. ಚರ್ಚಿಗೇ ಬಾಳು ತೇದ ಮಹಾನುಭಾವ ಅವನು. ಅವನ ಸಂಬಳ, ಜಗಳದ ಕಥೆಯೆಲ್ಲ ಯಾಕೆ ಬೇಕಿತ್ತು? ನಿಜವಾದ ಕಲಾವಿದ ದುಡ್ಡಿನ ಮುಖ ನೋಡಲ್ಲ.

ಉತ್ತರ: ನಿಮ್ಮ ಕೈಬರಹ ನೋಡಿ ಖುಷಿಯಾಯ್ತು, ಈಗ ಕಾಗದ ಬರೆಯೋರೇ ಕಮ್ಮಿ. ಆದ್ರೆ ಆ ಕೊನೇ ಸಾಲು ಓದಿ ಪಿತ್ತ ನೆತ್ತಿಗೇರಿತು, ಬೇಜಾರು ಮಾಡ್ಕೋಬೇಡಿ.

ಭಕ್ತಿ ವಿಷ್ಯ ಒಪ್ಪಿದೆ. ಚರ್ಚಿನ ಕೃತಿ ಶುರು ಮಾಡುವಾಗ ಯೇಸುವೇ ಕಾಪಾಡು, ಮುಗಿಸುವಾಗ ದೇವರೊಬ್ಬನಿಗೇ ಮಹಿಮೆ ಅಂತ ಗುರುತು ಹಾಕ್ತಿದ್ದ ಮನುಷ್ಯ, ಅದು ತೋರಿಕೆ ಅಲ್ಲ. ಆಯ್ತಾ, ಈಗ ಮುಂದಿಂದು ಕೇಳಿ.

1722ರಲ್ಲಿ ಜರ್ಮನಿಯ ಲೈಪ್ಸಿಗ್ ನಗರಸಭೆಯೋರಿಗೆ ಊರಿನ ಸಂಗೀತದ ಮೇಷ್ಟ್ರ ಕೆಲಸಕ್ಕೆ ಬೇಕಾಗಿದ್ದೋನು ಟೆಲಿಮಾನ್ ಅನ್ನೋ ಸಂಗೀತಗಾರ. ಅವನು ಈ ಕರೆ ತೋರಿಸಿ ಹ್ಯಾಂಬರ್ಗಲ್ಲೇ ಸಂಬಳ ಏರಿಸ್ಕೊಂಡು ಕೂತ. ಆಮೇಲೆ ಗ್ರೌಪ್ನರ್ ಅನ್ನೋ ಇನ್ನೊಬ್ಬ, ಅವನನ್ನ ಡಾರ್ಮ್‌ಸ್ಟಾಟ್ ದೊರೆ ಬಿಡಲಿಲ್ಲ, ಅವನಿಗೂ ಸಂಬಳ ಏರ್ತು. ಅವರಿಬ್ರೂ ಸಿಗದೆ ಹೋದ್ಮೇಲೆ, 1723ರಲ್ಲಿ, ನಮ್ಮ ಬಾಖ್. ಟೋಮಾಸ್ ಶಾಲೆ ಹುಡುಗ್ರಿಗೆ ಹಾಡು ಕಲಿಸ್ಬೇಕು, ಊರಿನ ಚರ್ಚುಗಳ ಸಂಗೀತ ನೋಡ್ಕೋಬೇಕು, ಲ್ಯಾಟಿನ್ ಪಾಠನೂ ಮಾಡ್ಬೇಕು, ಆ ಪಾಠ ತಪ್ಪಿಸ್ಕೊಳ್ಳೋಕೆ ಇನ್ನೊಬ್ಬ ಮೇಷ್ಟ್ರಿಗೆ ಕೈಯಿಂದ ದುಡ್ಡು ಕೊಡ್ತಿದ್ದ. ಮೊದಲ ವರ್ಷಗಳಲ್ಲಂತೂ ಹೆಚ್ಚೂ ಕಮ್ಮಿ ವಾರಕ್ಕೊಂದು ಹೊಸ ಕ್ಯಾಂಟಾಟ, ಅಂದ್ರೆ ವಾದ್ಯಗಳ ಜೊತೆ ಹಾಡೋ ಹಾಡುಗಳ ಸರಣಿ, ಇವನು ಬರೆದು ಬಿಸಾಕಿದ ಹಾಳೆ ಇಟ್ಕೊಂಡು ಹೆಂಡತಿ ಮಕ್ಕಳು ಶಿಷ್ಯರು ಒಬ್ಬೊಬ್ಬ ವಾದ್ಯಗಾರನಿಗೂ ಬೇರೆಬೇರೆ ಪ್ರತಿ ತೆಗೀಬೇಕು, ಭಾನುವಾರ ಬೆಳಿಗ್ಗೆ ಅದು ಮುಗೀತು ಅಂದ್ರೆ ಮುಂದಿನ ವಾರದ್ದು ಶುರು.

1730ರ ಆಗಸ್ಟಲ್ಲಿ ನಗರಸಭೆಗೆ ಒಂದು ಅರ್ಜಿ ಬರ್ದ ನೋಡಿ, ಅದನ್ನ ಪ್ರತಿ ಸಂಘಟಕನೂ ಓದ್ಬೇಕು. ಇರೋ ಹುಡುಗರಲ್ಲಿ 17 ಜನ ಕೆಲಸಕ್ಕೆ ಬರ್ತಾರೆ, 20 ಜನ ಇನ್ನೂ ಪಳಗ್ಬೇಕು, 17 ಜನ ಪ್ರಯೋಜನಕ್ಕಿಲ್ಲ ಅಂತ ನೇರವಾಗಿ ಬರ್ದು, ರಾಜನ ಆಸ್ಥಾನ ಇರೋ ಡ್ರೆಸ್ಡನ್‌ಗೆ ಹೋಗಿ ಅಲ್ಲಿ ಕಲಾವಿದರಿಗೆ ಏನು ಕೊಡ್ತಾರೆ ನೋಡ್ಕೊಂಡು ಬನ್ನಿ, ಹೊಟ್ಟೆಪಾಡಿನ ಚಿಂತೆ ಇಲ್ದಿದ್ರೆ ಯಾರು ಬೇಕಾದ್ರೂ ಚೆನ್ನಾಗಿ ನುಡಿಸ್ತಾರೆ ಅಂದ. ಅಕ್ಟೋಬರಲ್ಲಿ ಹಳೇ ಸ್ನೇಹಿತ ಎರ್ಡ್‌ಮನ್‌ಗೆ ಇನ್ನೊಂದು ಕಾಗದ: ವರ್ಷಕ್ಕೆ 700 ಥಾಲರ್ (ಆಗಿನ ಬೆಳ್ಳಿ ನಾಣ್ಯ) ಬರುತ್ತೆ, ಸಾವು ಜಾಸ್ತಿಯಾದ್ರೆ ಇನ್ನಷ್ಟು, ಆದ್ರೆ ಹೋದ ವರ್ಷ ಗಾಳಿ ಶುದ್ಧವಾಗಿದ್ದು ಶವಸಂಸ್ಕಾರದ ಫೀಸಲ್ಲೇ 100 ಥಾಲರ್‌ಗಿಂತ ಜಾಸ್ತಿ ಲುಕ್ಸಾನಾಯ್ತು ಅಂತ. ಊರು ಆರೋಗ್ಯವಾಗಿದೆ ಅಂತ ಗೊಣಗೋ ಸ್ಥಿತಿಗೆ ತಂದೋರು ಯಾರು ಸ್ವಾಮಿ?

1748ರಲ್ಲಿ ಒಬ್ಬ ಸಂಬಂಧಿ ವೈನ್ ಪೀಪಾಯಿ ಕಳಿಸಿದ್ರೆ, ಥ್ಯಾಂಕ್ಸ್ ಹೇಳಿ, ಅರ್ಧದಾರೀಲಿ ಚೆಲ್ಲಿಹೋಗಿದ್ದೆಷ್ಟು, ಸಾಗಾಣಿಕೆ 16 ಗ್ರೋಶನ್ (ಥಾಲರ್‌ಗಿಂತ ಚಿಕ್ಕ ನಾಣ್ಯ), ಸುಂಕ ಇಷ್ಟು ಅಂತ ಕೂಡಿಸಿ, ಈ ಗಿಫ್ಟು ನನಗೆ ದುಬಾರಿಯಾಗುತ್ತಪ್ಪಾ ಅಂತ ತಿಳಿಸಿದ. ನನಗಂತೂ ಈ ಬಾಖ್ ಇನ್ನೂ ಹತ್ತಿರದವನು ಅನ್ನಿಸ್ತಾನೆ.

ನಮ್ಮಲ್ಲೂ ನೋಡ್ತಾನೇ ಇದೀನಿ. ಶಾಮಿಯಾನದೋನಿಗೆ ಅಡ್ವಾನ್ಸು, ಮೈಕ್‌ಸೆಟ್‌ನೋನಿಗೆ ಅಡ್ವಾನ್ಸು, ಅಡುಗೆಯೋರಿಗೆ ಅರ್ಧ ದುಡ್ಡು ಮೊದಲೇ. ಹಾಡೋರಿಗೆ ಮಾತ್ರ ‘ಸೇವೆ ಅಂದ್ಕೊಂಡು ಬನ್ನಿ ಸಾರ್’, ಶಾಲು, ಹಣ್ಣಿನ ಬುಟ್ಟಿ, ವಾಪಸ್ ಹೋಗೋಕೆ ಬಸ್‌ಚಾರ್ಜೂ ಇಲ್ಲ. ಪತ್ರಿಕೆಯೋರೂ ಕಮ್ಮಿ ಏನಿಲ್ಲ, ಹೆಸರು ಅಚ್ಚಾಗುತ್ತಲ್ಲ ಸಾಕು ಅನ್ನೋ ಸಂಪಾದಕರು ಬೇಕಾದಷ್ಟಿದ್ದಾರೆ. ಹಾಗೆ ಕೈಬಿಟ್ರೆ ಏನಾಗುತ್ತೆ ಅಂತೀರಾ? ಬಾಖ್ 1750ರಲ್ಲಿ ಸತ್ತ. ಕೋಥನ್ ಆಸ್ಥಾನದಲ್ಲಿ ಹಾಡಿ ಸಂಬಳ ತಗೊಂಡಿದ್ದ ಅವನ ಹೆಂಡತಿ ಆನಾ ಮ್ಯಾಗ್ಡಲೀನಾ 1760ರಲ್ಲಿ ಅದೇ ಲೈಪ್ಸಿಗ್‌ನಲ್ಲಿ ಧರ್ಮದ ಕಾಸಿನ ಮೇಲೆ ಬದುಕ್ತಾ ಹೋದ್ಲು.

ಬರೀ ಚರ್ಚಿಗೇ ಬರೆದ ಅಂತೀರಲ್ಲ, ಅದೂ ಪೂರ್ತಿ ಸರಿ ಅಲ್ಲ. ಲೈಪ್ಸಿಗ್‌ನ ಜಿಮ್ಮರ್‌ಮನ್ ಕಾಫಿ ಅಂಗಡೀಲಿ ಒಂದು ತಂಡದ ಮುಂದಾಳಾಗಿ ನುಡಿಸ್ತಿದ್ದ. ಕಾಫಿ ಕ್ಯಾಂಟಾಟ ಒಂದ್ಸಲ ಕೇಳಿ, ಕಾಫಿ ಬಿಟ್ರೇನೇ ಮದುವೆ ಅಂತ ಅಪ್ಪ ಹಠ ಹಿಡೀತಾನೆ, ಮಗಳು ಹೂಂ ಅಂದು, ಮನೇಲಿ ಕಾಫಿ ಕುಡಿಯೋಕೆ ಬಿಡೋ ಗಂಡೇ ಬೇಕು ಅಂತ ಒಳಗೊಳಗೇ ಸುದ್ದಿ ಹಬ್ಬಿಸ್ತಾಳೆ.