ಬೀಟಲ್ಸ್ ಕೇಳಲು ಶುರು ಮಾಡಬೇಕು, ಯಾವ ರೀಮಾಸ್ಟರ್ ಒಳ್ಳೆಯದು?

ಈ ಪ್ರಶ್ನೆ ನೋಡಿ ನಗು ಬಂತು. ಒಂದು ಕಾಲಕ್ಕೆ ಸಿಕ್ಕಸಿಕ್ಕವರನ್ನೆಲ್ಲ ನಾನೂ ಇದನ್ನೇ ಕೇಳುತ್ತಿದ್ದೆ.

ನಾನು ಶುರು ಮಾಡಿದ್ದು 2009ರ ಸ್ಟೀರಿಯೊ ರೀಮಾಸ್ಟರ್‌ನಿಂದ, ಅಂದರೆ ಹಳೇ ರೆಕಾರ್ಡಿಂಗನ್ನು ಶುಚಿ ಮಾಡಿ ಹೊಸದಾಗಿ ತಂದ ಸಿಡಿಗಳಿಂದ. ಮೊದಲ ಆಲ್ಬಂ ‘ಪ್ಲೀಸ್ ಪ್ಲೀಸ್ ಮಿ’ ಹಾಕಿದೆ. ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಕಿವಿ ಪಕ್ಕದಲ್ಲೇ ಇವೆ. ಹಾಡುವವರು ಮಾತ್ರ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿದ ಹಾಗಿದೆ! ‘ಟ್ವಿಸ್ಟ್ ಅಂಡ್ ಶೌಟ್’ ಹಾಡಿನಲ್ಲಿ ಬ್ಯಾಂಡ್‌ನ ಜಾನ್ ಲೆನನ್ ಗಂಟಲು ಹರಿದುಕೊಂಡು ಕೂಗ್ತಾನೆ ಅಂತ ಕೇಳಿದ್ದೆ. ನನಗೆ ಸಿಕ್ಕಿದ್ದು ದೂರದ ಗೊಣಗಾಟ. ಎರಡನೇ ಆಲ್ಬಂ ಕೂಡ ಅದೇ ಕಥೆ.

ರೀಮಾಸ್ಟರ್ ಮಾಡಿದವರು ಕೆಡಿಸಿದ್ದಾರೆ ಅಂತ ತೀರ್ಮಾನಿಸಿಬಿಟ್ಟೆ. 1987ರ ಹಳೇ ಸಿಡಿಗಳನ್ನು ಹುಡುಕಿ ಸೆಕೆಂಡ್ ಹ್ಯಾಂಡ್ ತಂದೆ. ಹಾಕಿದರೆ ದನಿ ಎದುರಿಗೇ ಬಂದು ನಿಂತಿದೆ. ಆಮೇಲೆ ಎಂಟು ತಿಂಗಳು ಗೆಳೆಯರಿಗೆಲ್ಲ ನನ್ನದು ಒಂದೇ ಉಪದೇಶ: ರೀಮಾಸ್ಟರ್ ಮುಟ್ಟಬೇಡಿ. ಅದೆಷ್ಟು ಕೆಟ್ಟಿದೆ ಅಂತ ತೋರಿಸೋಕೆ ಒಬ್ಬನ ಮನೆಗೆ ರೀಮಾಸ್ಟರ್ ಸಿಡಿ ತಗೊಂಡು ಹೋಗಿ ಸ್ಪೀಕರ್‌ನಲ್ಲಿ ಹಾಕಿದೆ. ಬಲಗಡೆ ಸ್ಪೀಕರ್ ಒಡೆದುಹೋಗುವ ಹಾಗೆ ಲೆನನ್ ಕೂಗಿದ.

ಆಗಿದ್ದು ಇಷ್ಟೆ. ನಾನು ಇಯರ್‌ಫೋನ್ ಹಾಕುತ್ತಿದ್ದದ್ದು ಎಡಗಿವಿಗೆ ಮಾತ್ರ. ಯಾರಾದರೂ ಕರೆದರೆ ಕೇಳಿಸಲಿ ಅಂತ ಬಲಗಿವಿ ಖಾಲಿ. ಬಲಗಡೆಯದ್ದು ಎದೆ ಮೇಲೆ ನೇತಾಡುತ್ತಿತ್ತು. ಪಾಪ, ಲೆನನ್ ಅಷ್ಟೂ ದಿನ ನನ್ನ ಅಂಗಿ ಗುಂಡಿಗೆ ಹಾಡುತ್ತಿದ್ದ.

‘ಪ್ಲೀಸ್ ಪ್ಲೀಸ್ ಮಿ’ ರೆಕಾರ್ಡ್ ಆಗಿದ್ದು ಎರಡೇ ಟ್ರ್ಯಾಕ್‌ನ ಟೇಪಿನಲ್ಲಿ. ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ದನಿ. ಆಮೇಲೆ ಎರಡನ್ನೂ ಹದವಾಗಿ ಬೆರೆಸಿ ಮೊನೊ, ಅಂದರೆ ಒಂದೇ ಸದ್ದು, ಮಾಡೋದು ಉದ್ದೇಶ. ಸ್ಟೀರಿಯೊಗೆ ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಳ್ಳಿದರು. 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿದ್ದರು. ಒಟ್ಟಿಗೇ ನಿಂತು ನುಡಿಸುತ್ತಾ ಹಾಡಿದ್ದರಿಂದ ದನಿ ವಾದ್ಯದ ಮೈಕಿಗೂ ಸ್ವಲ್ಪ ಸೋರಿತ್ತು. ನನ್ನ ‘ಪಕ್ಕದ ಕೋಣೆ’ ಅದೇ! ಇನ್ನು 1987ರ ಸಿಡಿಗಳಲ್ಲಿ ಮೊದಲ ನಾಲ್ಕು ಆಲ್ಬಂ ಮೊನೊ. ಎರಡೂ ಕಿವಿಗೆ ಒಂದೇ ಸದ್ದು, ಹಾಗಾಗಿ ಒಂದೇ ಕಿವಿ ಸಾಕಿತ್ತು. ರೀಮಾಸ್ಟರ್ ಮಾಡಿದವರದ್ದು ಏನೂ ತಪ್ಪಿರಲಿಲ್ಲ.

ಅದಕ್ಕೇ ಹೇಳ್ತೀನಿ, ಯಾವ ರೀಮಾಸ್ಟರ್ ಅಂತ ಕೇಳೋದೇ ಅಡ್ಡದಾರಿ. ರೀಮಾಸ್ಟರ್ ಅಂದರೆ ದನಿ, ವಾದ್ಯ ಬೆರೆಸಿ ಮುಗಿದ ಮಿಕ್ಸ್ ಅನ್ನು ತೊಳೆದು ಒರೆಸಿ ಇಡೋದು. ಯಾರು ಎಡಕ್ಕೆ, ಯಾರು ಬಲಕ್ಕೆ, ಯಾರು ಮುಂದೆ ಅನ್ನೋದು ಮಿಕ್ಸ್‌ನಲ್ಲೇ ತೀರ್ಮಾನ ಆಗಿರುತ್ತದೆ. ‘ಸಾರ್ಜೆಂಟ್ ಪೆಪರ್ಸ್’ ಆಲ್ಬಂಗೆ 2017ರಲ್ಲಿ ನಿರ್ಮಾಪಕ ಜೈಲ್ಸ್ ಮಾರ್ಟಿನ್ ಮಾಡಿದ್ದು ರೀಮಿಕ್ಸ್, ಅಂದರೆ ಮತ್ತೆ ಹೊಸದಾಗಿ ಬೆರೆಸೋದು, ಅದು ಬೇರೆಯೇ ಕೆಲಸ. ನೀವು ಕೇಳಬೇಕಾದ್ದು ಮೊನೊನಾ ಸ್ಟೀರಿಯೊನಾ ಅಂತ, ಅಲ್ವಾ?

ನನ್ನನ್ನು ಕೇಳಿದರೆ 1967ರ ‘ಪೆಪರ್ಸ್’ ತನಕ ಕಣ್ಣುಮುಚ್ಚಿ ಮೊನೊ. ಆಗ ಬ್ಯಾಂಡ್‌ನವರು ಜಾಸ್ತಿ ತಲೆ ಕೆಡಿಸಿಕೊಂಡದ್ದು ಅದಕ್ಕೇ. ಎರಡರ ನಡುವೆ ವ್ಯತ್ಯಾಸ ಎಷ್ಟು ಅಂದರೆ, ‘ಶೀ ಈಸ್ ಲೀವಿಂಗ್ ಹೋಮ್’ ಮೊನೊದಲ್ಲಿ ಚುರುಕಾಗಿ ಓಡುತ್ತದೆ, ಸ್ಟೀರಿಯೊದಲ್ಲಿ ಕಾಲೆಳೆಯುತ್ತದೆ. 2009ರಲ್ಲೇ ಬಂದ ಮೊನೊ ಸಿಡಿಗಳ ಬಾಕ್ಸ್‌ನಲ್ಲಿ ಇವೆಲ್ಲ ಇವೆ. 1969ರ ‘ಅಬ್ಬೆ ರೋಡ್’ ಆಲ್ಬಂ ಹೊತ್ತಿಗೆ ಮೊನೊ ಮಿಕ್ಸ್ ಮಾಡೋದನ್ನೇ ಬಿಟ್ಟಿದ್ದರು, ಅಲ್ಲಿ ತಲೆಬಿಸಿ ಇಲ್ಲ. ನಿಮಗೂ ಒಂದೇ ಕಿವಿಯ ಚಟ ಇದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಮೊನೊ ಆಡಿಯೊ’ ಆನ್ ಮಾಡಿ. ಅದು ಅಸಲಿ ಮೊನೊ ಮಿಕ್ಸ್ ಅಲ್ಲ, ಎಡ ಬಲ ಸುಮ್ನೆ ಕೂಡಿಸುತ್ತದೆ. ಆದರೂ ಹಾಡುವವರಾದರೂ ಸಿಗುತ್ತಾರೆ.

ನನ್ನ ಉಪದೇಶ ಕೇಳಿ ರೀಮಾಸ್ಟರ್ ಸೆಟ್ ಮಾರಿಬಿಟ್ಟ ಇನ್ನೊಬ್ಬ ಗೆಳೆಯ ಇದ್ದಾನೆ. ಅವನಿಗೆ ಇನ್ನೂ ವಿಷಯ ಹೇಳಿಲ್ಲ.