ಓದುಗರ ಪ್ರಶ್ನೆ, ನಮ್ಮ ಉತ್ತರ: ಆ ಸಾವಿರ ವರುಷ

ಕ್ರಿಸ್ತನ ಎರಡನೇ ಬರೋಣ ಮತ್ತು ಭೂಮಿಯ ಮೇಲಿನ ಆತನ ಆಳ್ವಿಕೆಯ ಬಗ್ಗೆ ಗಡಿಯಾಚೆಯ ಕನ್ನಡ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಓದುವಾಗ ಬೈಬಲನ್ನು ಅದರ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯಕ್ಕೆ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ). ಸೊಸೆಯ ತವರಿನವರು ಪೆಂತೆಕೊಸ್ತ್ ಸಭೆಯವರು. ಅವರು ಬಂದಾಗಲೆಲ್ಲ ಮಲಯಾಳದಲ್ಲಿ ‘ಆಯಿರಮಾಂಡು ವಾಳ್ಚ’ (ಸಾವಿರ ವರುಷದ ಆಳ್ವಿಕೆ) ಎಂದು ಮಾತು ತೆಗೆಯುತ್ತಾರೆ. ನಮ್ಮ ಆರಾಧನೆಯಲ್ಲಿ ಇದನ್ನು ಕೇಳಿದ ನೆನಪೇ ಇಲ್ಲ. ಇದು ಬೈಬಲಿನಲ್ಲಿ ಇದೆಯೋ ಇಲ್ಲವೋ?
— ಮಂಜೇಶ್ವರದ ಓದುಗರು

ಉತ್ತರ: ಇದೆ. ಆದರೆ ಇರುವುದು ಒಂದೇ ಕಡೆ. ಪ್ರಕಟನೆ 20ರ 2ರಿಂದ 7ನೇ ವಚನದ ತನಕ, ವಚನಕ್ಕೊಂದರಂತೆ ಆರು ಸಲ ‘ಸಾವಿರ ವರುಷ’ ಬರುತ್ತದೆ. ಕ್ರಿಸ್ತನು ಸಾವಿರ ವರುಷ ಆಳುವನೆಂಬ ಮಾತು ಬೈಬಲಿನ ಬೇರೆ ಯಾವ ಪುಸ್ತಕದಲ್ಲೂ ಇಲ್ಲ. ಕೀರ್ತನೆ 90:4 ಮತ್ತು 2 ಪೇತ್ರ 3:8ರಲ್ಲಿ ಸಾವಿರ ವರುಷದ ಮಾತಿದ್ದರೂ ಅದು ದೇವರಿಗೆ ಕಾಲ ಹೇಗೆ ಕಾಣುತ್ತದೆ ಎಂಬುದರ ಬಗ್ಗೆ.

ಆ ಅಧ್ಯಾಯ ಹೇಳುವುದಿಷ್ಟು. ಕೀಲಿಕೈ ಮತ್ತು ದೊಡ್ಡ ಸರಪಣಿ ಹಿಡಿದ ದೇವದೂತನು ಘಟಸರ್ಪವನ್ನು, ಅಂದರೆ ಸೈತಾನನನ್ನು, ಕಟ್ಟಿ ಅಧೋಲೋಕಕ್ಕೆ ದೊಬ್ಬಿ ಮುದ್ರೆ ಹಾಕುತ್ತಾನೆ. ಯೇಸುವಿನ ಸಾಕ್ಷಿಗಾಗಿ ತಲೆ ಕೊಟ್ಟವರು ಜೀವ ಪಡೆದು ಕ್ರಿಸ್ತನೊಂದಿಗೆ ಆಳುತ್ತಾರೆ. ಇದೇ ಮೊದಲನೆಯ ಪುನರುತ್ಥಾನ. ಅವಧಿ ಮುಗಿದ ಮೇಲೆ ಸೈತಾನನಿಗೆ ಸ್ವಲ್ಪ ಕಾಲ ಬಿಡುಗಡೆ. ಅವನು ಗೋಗ್ ಮಾಗೋಗ್ ಎಂಬ ಜನಾಂಗಗಳನ್ನು ಮರುಳುಗೊಳಿಸಿ ಯುದ್ಧಕ್ಕೆ ತರುತ್ತಾನೆ, ಆಕಾಶದಿಂದ ಬೆಂಕಿ ಬೀಳುತ್ತದೆ. ಆಮೇಲೆ ಬಿಳೀ ಸಿಂಹಾಸನದ ಮುಂದೆ ನ್ಯಾಯತೀರ್ಪು.

ಇನ್ನು ಅಲ್ಲಿ ಏನೇನಿಲ್ಲ ಎಂಬುದನ್ನೂ ನೋಡಿ. ಯೆರೂಸಲೇಮೆಂಬ ಹೆಸರಿಲ್ಲ, ‘ಪ್ರಿಯವಾದ ಪಟ್ಟಣ’ ಎಂದಷ್ಟೇ ಇದೆ. ದೇವಾಲಯ ಇಲ್ಲ. ಕುರಿಯ ಸಂಗಡ ವಾಸಿಸುವ ತೋಳ ಯೆಶಾಯ 11ರದು. ಸಭೆಯು, ಅಂದರೆ ವಿಶ್ವಾಸಿಗಳು, ಮೇಲಕ್ಕೆ ಎತ್ತಲ್ಪಡುವುದು 1 ಥೆಸಲೋನಿಕ 4:17ರದು. ಏಳು ವರುಷದ ಮಹಾಸಂಕಟ ಎನ್ನುತ್ತಾರಲ್ಲ, ಆ ಏಳು ದಾನಿಯೇಲ 9:27ರ ಒಂದು ‘ವಾರ’ವನ್ನು ದಿನಕ್ಕೊಂದು ವರುಷದಂತೆ ಎಣಿಸಿದ್ದರಿಂದ ಬಂದದ್ದು, ಪ್ರಕಟನೆಯಲ್ಲಿರುವುದು 42 ತಿಂಗಳು, 1,260 ದಿನ (ತಿಂಗಳಿಗೆ 30 ದಿನದಂತೆ ಎರಡೂ ಒಂದೇ). ಕ್ರಿಸ್ತವಿರೋಧಿ ಎಂಬ ಪದವಂತೂ ಯೋಹಾನನ ಪತ್ರಿಕೆಗಳಲ್ಲಿ ಮಾತ್ರ ಇದೆ, ಪ್ರಕಟನೆಯಲ್ಲಿ ಒಂದು ಸಲವೂ ಇಲ್ಲ. ನಿಮ್ಮ ಬೀಗರು ಹೇಳುವ ಚಿತ್ರ ಸುಳ್ಳೆಂದು ಇದರ ಅರ್ಥವಲ್ಲ. ಅದು ಐದಾರು ಪುಸ್ತಕಗಳ ವಚನಗಳನ್ನು ಜೋಡಿಸಿ ಕಟ್ಟಿದ ಚಿತ್ರ. ಜೋಡಣೆ ಸರಿಯೇ ಎಂಬುದೇ ಚರ್ಚೆ. ಅದನ್ನು ಅಧ್ಯಾಯದ ಸ್ವಂತ ಮಾತೆಂದು ತಿಳಿದಾಗ ಮನೆಯಲ್ಲಿ ಜಗಳ ಹುಟ್ಟುತ್ತದೆ.

ನಿಮ್ಮ ಆರಾಧನೆಯಲ್ಲಿ ಕೇಳಿಸದಿರುವುದಕ್ಕೂ ಕಾರಣ ಇದೆ. ನೀವು ಹೇಳುವ ಅಪೊಸ್ತಲರ ವಿಶ್ವಾಸಪ್ರಮಾಣದಲ್ಲಾಗಲಿ ನೈಸಿಯದ್ದರಲ್ಲಾಗಲಿ ಸಾವಿರದ ಲೆಕ್ಕ ಇಲ್ಲ. ಕ್ರಿಸ್ತನು ಮತ್ತೆ ಬರುವನು, ನ್ಯಾಯತೀರಿಸುವನು ಎಂಬುದು ಎರಡರಲ್ಲೂ ಇದೆ. ಆತನ ರಾಜ್ಯಕ್ಕೆ ಅಂತ್ಯವಿಲ್ಲ ಎಂದು ನೈಸಿಯದ್ದು ಸೇರಿಸುತ್ತದೆ. ಅಲ್ಲಿಯವರೆಗೆ ನಿಮಗೂ ಸೊಸೆಯ ತವರಿಗೂ ಒಂದೇ ನಂಬಿಕೆ.

ಪ್ರಶ್ನೆ: ಹಾಗಾದರೆ ಸಭೆ ಸಭೆಗೆ ಅರ್ಥ ಬೇರೆ ಯಾಕೆ? ಎಲ್ಲರೂ ಓದುವುದು ಅದೇ ಬೈಬಲ್ ಅಲ್ಲವೇ?
— ಉಪ್ಪಳದ ಕಾಲೇಜು ವಿದ್ಯಾರ್ಥಿನಿ

ಉತ್ತರ: ಎರಡು ಗಂಟುಗಳಿವೆ. ಅವನ್ನು ಹೇಗೆ ಬಿಡಿಸುತ್ತೀರಿ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಒಂದು, ಅಧ್ಯಾಯಗಳ ಕ್ರಮ. ಪ್ರಕಟನೆ 19ರಲ್ಲಿ ಬಿಳೀ ಕುದುರೆಯ ಮೇಲೆ ಕ್ರಿಸ್ತನ ಬರೋಣ, 20ರಲ್ಲಿ ಆಳ್ವಿಕೆ. ನಡೆಯುವುದೂ ಇದೇ ಕ್ರಮದಲ್ಲಿ ಎಂದರೆ ಬರೋಣ ಮೊದಲು, ಸಾವಿರ ವರುಷ ಆಮೇಲೆ. ಬಹುತೇಕ ಪೆಂತೆಕೊಸ್ತ್ ಮತ್ತು ಬ್ರದರನ್ ಸಭೆಗಳ ಓದು ಇದು. ಇನ್ನೊಂದು ಪಕ್ಷ 11:15ರಿಂದ 12:5ರ ತನಕ ಓದಿಸುತ್ತದೆ. ಅಲ್ಲಿ ಏಳನೇ ತುತೂರಿ ಊದಿ ಲೋಕದ ರಾಜ್ಯಾಧಿಕಾರ ಕರ್ತನದಾಯಿತು ಎಂದ ಕೂಡಲೇ ಕಥೆ ಗಂಡುಮಗುವಿನ ಜನನಕ್ಕೆ ಹಿಂದಿರುಗುತ್ತದೆ. ಪ್ರಕಟನೆ ಬರೆದ ಯೋಹಾನನು ಅಲ್ಲಿ ಹಿಂದಕ್ಕೆ ಹೋದನೆಂದ ಮೇಲೆ 20ರಲ್ಲೂ ಹೋಗಿರಬಹುದು, ಆಗ ಸಾವಿರ ವರುಷವೆಂದರೆ ಕ್ರಿಸ್ತನ ಮೊದಲನೇ ಬರೋಣದಿಂದ ಎರಡನೆಯದರವರೆಗಿನ ಸಭೆಯ ಕಾಲ ಎಂಬುದು ಅವರ ವಾದ.

ಎರಡು, ಒಂದು ಕ್ರಿಯಾಪದ. ಪ್ರಕಟನೆ 20ರ 4ನೇ ವಚನದಲ್ಲಿ ಸಾಕ್ಷಿಗಳು ಜೀವ ಪಡೆದರು, 5ನೆಯದರಲ್ಲಿ ಮಿಕ್ಕ ಸತ್ತವರು ಸಾವಿರ ವರುಷ ತೀರುವ ತನಕ ಜೀವ ಪಡೆಯಲಿಲ್ಲ. ಗ್ರೀಕಿನಲ್ಲಿ ಎರಡೂ ಕಡೆ ‘ಎಜೇಸಾನ್’ ಎಂಬ ಅದೇ ರೂಪ. ಎರಡನೆಯದು ದೇಹದ ಪುನರುತ್ಥಾನವೆಂದು ಹೆಚ್ಚಿನವರು ಒಪ್ಪುತ್ತಾರೆ. ಹಾಗಾದರೆ ಮೊದಲನೆಯದು ಮಾತ್ರ ಆತ್ಮಿಕ ಜೀವ ಹೇಗಾದೀತು ಎಂದು ಮೊದಲ ಪಕ್ಷ ಕೇಳುತ್ತದೆ. ನಮ್ಮ ತೂಕದಲ್ಲಿ ಇದೇ ಅವರ ಅತಿ ಗಟ್ಟಿ ವಾದ. ಎದುರು ಪಕ್ಷದ ಗಟ್ಟಿತನ ಬೇರೆ ಕಡೆ ಇದೆ: ಬಲಶಾಲಿಯನ್ನು ಮೊದಲು ಕಟ್ಟಿದ ಮೇಲೆಯೇ ಅವನ ಮನೆ ಸೂರೆ ಮಾಡಬಹುದು ಎಂದು ಯೇಸು ಆಗಲೇ ಹೇಳಿದ್ದನು (ಮತ್ತಾಯ 12:29). ಸೈತಾನ ಕಟ್ಟಿಹಾಕಲ್ಪಟ್ಟಿದ್ದರೆ 1 ಪೇತ್ರ 5:8ರಲ್ಲಿ ಗರ್ಜಿಸುವ ಸಿಂಹದಂತೆ ತಿರುಗುವವನು ಯಾರು ಎಂದರೆ, ಕಟ್ಟಿದ್ದು ‘ಜನಾಂಗಗಳನ್ನು ಮರುಳುಗೊಳಿಸದಂತೆ’ ಮಾತ್ರ, ಸುವಾರ್ತೆ ಎಲ್ಲ ಕಡೆ ಹೋಗಲೆಂದು, ಎನ್ನುತ್ತಾರೆ.

ಮೂರನೆಯದೊಂದು ಪಕ್ಷವೂ ಇದೆ. ಸುವಾರ್ತೆಯಿಂದಲೇ ಲೋಕ ಮೆಲ್ಲಮೆಲ್ಲನೆ ತಿದ್ದಿಕೊಂಡು ಒಂದು ಸುವರ್ಣಕಾಲ ಬಂದು, ಆಮೇಲೆ ಕ್ರಿಸ್ತನು ಬರುವನೆಂಬುದು. 18 ಮತ್ತು 19ನೇ ಶತಮಾನದ ಮಿಷನ್ ಉತ್ಸಾಹಕ್ಕೆ ಇದು ದೊಡ್ಡ ಬೆಂಬಲವಾಗಿತ್ತು. 1914ರ ಮಹಾಯುದ್ಧದ ನಂತರ ಬಹಳ ಸೊರಗಿತು.

ಪ್ರಶ್ನೆ: ನಾವು ಕಥೋಲಿಕರು. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಕಲಿಸಿಲ್ಲ. ನಮ್ಮ ಧರ್ಮಸಭೆ ಇದನ್ನು ಒಪ್ಪುತ್ತದೆಯೇ?
— ಬೇಳದ ಓದುಗರು

ಉತ್ತರ: ಕ್ರಿಸ್ತರ ಪುನರಾಗಮನವನ್ನು ಒಪ್ಪುತ್ತದೆ, ಅದಕ್ಕೂ ಅಂತಿಮ ತೀರ್ಪಿಗೂ ನಡುವೆ ಭೂಮಿಯ ಮೇಲೆ ಇನ್ನೊಂದು ರಾಜ್ಯಭಾರವನ್ನು ಒಪ್ಪುವುದಿಲ್ಲ. ಇದರ ಸೌಮ್ಯ ರೂಪವನ್ನೂ ಸುರಕ್ಷಿತವಾಗಿ ಬೋಧಿಸಲಾಗದು ಎಂದು 1944ರಲ್ಲಿ ರೋಮ್ ತಿಳಿಸಿತು. 1992ರ ಧರ್ಮೋಪದೇಶ ಗ್ರಂಥದ 676ನೇ ಪರಿಚ್ಛೇದದಲ್ಲೂ ಅದೇ ನಿಲುವಿದೆ.

ಆದರೆ ಮೊದಲಿನಿಂದ ಹೀಗಿರಲಿಲ್ಲ. 2ನೇ ಶತಮಾನದ ಕ್ರೈಸ್ತ ಬರಹಗಾರರಾದ ಪಾಪಿಯಾಸ್, ಜಸ್ಟಿನ್, ಐರೇನಿಯಸ್ ಮೂವರೂ ಭೂಮಿಯ ಮೇಲಿನ ಆಳ್ವಿಕೆಯನ್ನು ನಂಬಿದವರು. ಐರೇನಿಯಸ್ ಪಾಪಿಯಾಸನಿಂದ ಎತ್ತಿ ಬರೆದ ದ್ರಾಕ್ಷಿಬಳ್ಳಿಯ ವರ್ಣನೆ ನೋಡಿ: ಬಳ್ಳಿಗೆ ಹತ್ತು ಸಾವಿರ ಕೊಂಬೆ, ಕೊಂಬೆಗೆ ಹತ್ತು ಸಾವಿರ ಕವಲು, ಹೀಗೇ ಹತ್ತು ಸಾವಿರದಂತೆ ಗೊಂಚಲಿಗೂ ಹಣ್ಣಿಗೂ ಏರುತ್ತಾ ಹೋಗಿ, ಕೊನೆಗೆ ಒಂದೊಂದು ಹಣ್ಣಿನಲ್ಲೂ 25 ಅಳತೆ ರಸ. ಹಸಿವನ್ನೂ ಹಿಂಸೆಯನ್ನೂ ಉಂಡ ಜನ ಕಂಡ ಕನಸದು. ಅದನ್ನು ಹಗುರವಾಗಿ ಕಾಣಬಾರದು. 4-5ನೇ ಶತಮಾನದ ಧರ್ಮಾಚಾರ್ಯ ಅಗಸ್ಟೀನ್ ಕೂಡ ಮೊದಲು ಈ ನಂಬಿಕೆಯಲ್ಲಿದ್ದವರೇ. ಕೆಲವರು ಇದನ್ನು ಅತಿಯಾದ ಉಣಿಸು ತಿನಿಸಿನ ಹಬ್ಬವಾಗಿ ಮಾಡಿಕೊಂಡದ್ದನ್ನು ಕಂಡು ಹೇಸಿ, ಸಾವಿರ ವರುಷವೆಂದರೆ ಧರ್ಮಸಭೆಯ ಈಗಿನ ಕಾಲ ಎಂಬ ಅರ್ಥಕ್ಕೆ ಬಂದರು. ಪಶ್ಚಿಮದ ಸಭೆ ಶತಮಾನಗಳ ಕಾಲ ಅವರ ಹಿಂದೆ ನಡೆಯಿತು.

ಜಸ್ಟಿನ್ ಬರೆದ ಇನ್ನೊಂದು ಮಾತು ನಿಮ್ಮ ನೆರೆಹೊರೆಯ ಚರ್ಚೆಗೆ ಬೇಕಾದೀತು: ತಾನು ಇದನ್ನು ನಂಬುತ್ತೇನೆ, ಆದರೆ ಶುದ್ಧ ವಿಶ್ವಾಸದ ಅನೇಕ ಕ್ರೈಸ್ತರು ನಂಬುವುದಿಲ್ಲ ಎಂದು ಅವರು ಆಗಲೇ ಒಪ್ಪಿಕೊಂಡಿದ್ದರು.

ಪ್ರಶ್ನೆ: ಕೂಟವೊಂದರಲ್ಲಿ ಪ್ರಸಂಗ ಮಾಡಿದ ಒಬ್ಬರು ಆಳ್ವಿಕೆ ಶುರುವಾಗುವ ವರುಷವನ್ನೇ ಲೆಕ್ಕ ಹಾಕಿ ತೋರಿಸಿದರು. ಅಣ್ಣ ಎರಡು ಎಕರೆ ಮಾರಿ ಕೂಟಕ್ಕೆ ಕೊಡಬೇಕೆಂದಿದ್ದಾನೆ. ತಪ್ಪು ಎಲ್ಲಿದೆ ಎಂದು ತೋರಿಸಿಕೊಡಿ.
— ಆದೋನಿ ತಾಲೂಕಿನ ಓದುಗರು

ಉತ್ತರ: ಮೊದಲು ಜಮೀನಿನ ಮಾತು. ರಿಜಿಸ್ಟರ್ ಕಚೇರಿಗೆ ಅಣ್ಣ ಹೋಗದಂತೆ ನೋಡಿಕೊಳ್ಳಿ, ಮುಂಗಡವನ್ನೂ ತೆಗೆದುಕೊಳ್ಳಬಾರದು. ಲೆಕ್ಕ ತಪ್ಪಿದರೆ ಇನ್ನೊಂದು ಲೆಕ್ಕ ಸಿಗುತ್ತದೆ, ಎರಡು ಎಕರೆ ಸಿಗುವುದಿಲ್ಲ.

ಈಗ ಲೆಕ್ಕ. ಇಂಥವು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತವೆ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಕ್ರಿಸ್ತನ ಬರೋಣಕ್ಕೆ ಹಾಕಿದ ಲೆಕ್ಕವನ್ನು ಬಿಡಿಸಿದರೆ ನಿಮ್ಮೂರಿನದೂ ಬಿಡಿಸಿಕೊಳ್ಳುತ್ತದೆ. ದಾನಿಯೇಲ 8:14ರ 2,300 ದಿನವನ್ನು ಅವರು 2,300 ವರುಷ ಮಾಡಿದರು. ಕ್ರಿ.ಪೂ. 457ರಿಂದ ಎಣಿಸಿದರು. 2,300ರಲ್ಲಿ 457 ಕಳೆದರೆ 1843. ಆ ವರುಷ ಏನೂ ಆಗಲಿಲ್ಲ. ಕ್ರಿ.ಪೂ. 1ರ ಮರುವರುಷವೇ ಕ್ರಿ.ಶ. 1, ನಡುವೆ ಸೊನ್ನೆಯ ವರುಷ ಇಲ್ಲ, ಹಾಗಾಗಿ ಒಂದು ಕೂಡಿಸಬೇಕು ಎಂದು 1844ಕ್ಕೆ ಬಂದರು. ಅವರ ಕಡೆಯವರು ಅಕ್ಟೋಬರ್ 22 ಎಂದು ದಿನವನ್ನೂ ಹೇಳಿದರು. ಆ ದಿನವೂ ಕಳೆಯಿತು. ಬೆಳೆ ಕೊಯ್ಯದೆ ಬಿಟ್ಟವರು ಚಳಿಗಾಲವನ್ನು ಬರಿಗೈಯಲ್ಲಿ ಕಂಡರು.

ಕೂಡು ಕಳೆಯುವ ಲೆಕ್ಕ ಅಲ್ಲಿ ಸರಿಯೇ ಇತ್ತು. ತಪ್ಪು ಇರುವುದು ಲೆಕ್ಕಕ್ಕೆ ಕೈ ಹಾಕುವ ಮೊದಲೇ. ಅಣ್ಣನನ್ನು ಕೂರಿಸಿಕೊಂಡು ಕಾಗದದ ಮೇಲೆ ಬರೆದು ಕೇಳಿ: ಈ ಸಂಖ್ಯೆ ಯಾವ ವಚನದ್ದು? ದಿನಕ್ಕೆ ವರುಷ ಎಂದು ಆ ವಚನವೇ ಹೇಳುತ್ತದೆಯೋ? (ಅರಣ್ಯಕಾಂಡ 14:34 ಮತ್ತು ಯೆಹೆಜ್ಕೇಲ 4:6ರಲ್ಲಿ ಹೇಳಿದೆ, ಆದರೆ ಆಯಾ ಸಂದರ್ಭಕ್ಕೆ ಮಾತ್ರ.) ಎಣಿಕೆ ಶುರು ಮಾಡಿದ ವರುಷವನ್ನು ಯಾರು ಆರಿಸಿದರು, ಹತ್ತು ವರುಷ ಆಚೆ ಈಚೆ ಮಾಡಿದರೆ ಏನಾಗುತ್ತದೆ? ವರುಷಕ್ಕೆ 360 ದಿನವೋ 365ವೋ? ಸಾವಿರ ವರುಷದಲ್ಲಿ ಈ ಒಂದು ವ್ಯತ್ಯಾಸವೇ 5,000 ದಿನ ಆಗುತ್ತದೆ. ಎಲ್ಲ ಆದ ಮೇಲೆ ಅಪೊಸ್ತಲರ ಕೃತ್ಯಗಳು 1:6-7 ಓದಿ. ಇಸ್ರಾಯೇಲಿನ ರಾಜ್ಯ ಈಗಲೇ ಬರುತ್ತದೋ ಎಂದು ಶಿಷ್ಯರು ಕೇಳಿದ್ದಕ್ಕೆ, ಕಾಲವನ್ನು ತಿಳಿಯುವುದು ನಿಮ್ಮ ಪಾಲಿನದಲ್ಲ ಎಂದೇ ಯೇಸುವಿನ ಉತ್ತರ.

ಮಹಾ ಪಂಡಿತರೂ ಇಲ್ಲಿ ಎಡವಿದ್ದಾರೆ. ಜರ್ಮನಿಯ ವುರ್ಟೆಂಬರ್ಗಿನ ಬೆಂಗೆಲ್ (1687-1752) ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಪರಿಶೋಧಿಸಿದ ದೊಡ್ಡ ವಿದ್ವಾಂಸರು. ಅವರ ಎಣಿಕೆ 1836ಕ್ಕೆ ಬಂದು ನಿಂತಿತ್ತು. ಅದೇ ವುರ್ಟೆಂಬರ್ಗಿನ ಹರ್ಮನ್ ಮೊಗ್ಲಿಂಗ್ ಅದೇ 1836ರಲ್ಲಿ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಎಣಿಸಿದ ವರುಷ ಕಳೆದ ಮೇಲೂ ಮಾಡುವ ಕೆಲಸ ಇತ್ತು ಎಂದು ಅಣ್ಣನಿಗೆ ಹೇಳಿ.

ಪ್ರಶ್ನೆ: ರೇಷನ್ ಅಂಗಡಿಯಲ್ಲಿ ಬೆರಳಿಟ್ಟರೆ ಮಾತ್ರ ಅಕ್ಕಿ. ಇದೇ 666ರ ಗುರುತು ಎಂದು ಅಮ್ಮ ಹೆದರಿದ್ದಾರೆ.
— ತಾಳವಾಡಿಯ ಓದುಗರು

ಉತ್ತರ: ಅಮ್ಮ ಧೈರ್ಯವಾಗಿ ಅಕ್ಕಿ ತರಲಿ. ಪ್ರಕಟನೆ 13ರಲ್ಲಿ 666 ಎಂಬ ಸಂಖ್ಯೆಯುಳ್ಳ ಮೃಗದ ಗುರುತು ಬಲಗೈಗೋ ಹಣೆಗೋ ಹಾಕಿಸಿಕೊಳ್ಳುವಂಥದು, ಮೃಗದ ವಿಗ್ರಹಕ್ಕೆ ನಮಸ್ಕರಿಸುವುದರ ಜೊತೆಗೆ ಬರುವಂಥದು. ಯಂತ್ರ ಬೆರಳಿಗೆ ಏನನ್ನೂ ಹಾಕುವುದಿಲ್ಲ, ಇರುವ ಗೆರೆಯನ್ನು ನೋಡುತ್ತದೆ. ಯಾರನ್ನು ಆರಾಧಿಸುತ್ತೀರಿ ಎಂದೂ ಕೇಳುವುದಿಲ್ಲ.

ಸಂಖ್ಯೆಯ ಗುಟ್ಟು ತಿಳಿದರೆ ಹೆದರಿಕೆ ಇನ್ನೂ ಇಳಿದೀತು. ಇಬ್ರಿಯದಲ್ಲಿ ಅಕ್ಷರಕ್ಕೊಂದು ಬೆಲೆ. ‘ನೇರೋನ್ ಕೈಸರ್’ ಎಂದು ಬರೆದರೆ ನೂನ್ 50, ರೇಶ್ 200, ವಾವ್ 6, ನೂನ್ 50, ಕೋಫ್ 100, ಸಾಮೆಖ್ 60, ರೇಶ್ 200. ಕೂಡಿಸಿ ನೋಡಿ, 666. ಲತೀನಿನಂತೆ ‘ನೇರೋ’ ಎಂದರೆ ಒಂದು ನೂನ್ ಬಿಟ್ಟು 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ. ಮೊದಲು ಇದನ್ನು ಓದಿದವರಿಗೆ ಕ್ರೈಸ್ತರನ್ನು ಹಿಂಸಿಸಿದ ರೋಮಿನ ಚಕ್ರವರ್ತಿ ನೆನಪಾಗುವಂತೆ ಬರೆದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಮುಂದೊಬ್ಬ ಕ್ರಿಸ್ತವಿರೋಧಿ ಬರುವನೆಂದು ನಂಬುವವರೂ ಇದನ್ನು ಒಪ್ಪಲು ಅಡ್ಡಿಯಿಲ್ಲ.

ಪ್ರಶ್ನೆ: ಯೆಶಾಯ 65:20ರಲ್ಲಿ ನೂರು ವರುಷಕ್ಕೆ ಸಾಯುವವನು ಯುವಕನೆನಿಸುವನು ಎಂದಿದೆ. ಕ್ರಿಸ್ತನೇ ಆಳುವಾಗ ಸಾವು ಎಲ್ಲಿಯದು?
— ಹೊಸೂರಿನ ಓದುಗರು

ಉತ್ತರ: ಸಾವಿರ ವರುಷವೆಂದರೆ ಸಭೆಯ ಕಾಲ ಎನ್ನುವ ಎರಡನೇ ಪಕ್ಷಕ್ಕೆ ಈ ವಚನ ನಿಜವಾಗಿಯೂ ಕಷ್ಟ ಕೊಡುತ್ತದೆ. ಪ್ರಕಟನೆ 21:4ರ ಹೊಸ ಭೂಮಿಯಲ್ಲಿ ಮರಣವೇ ಇಲ್ಲ. ಆದ್ದರಿಂದ ದೀರ್ಘಾಯುಷ್ಯವೂ ಸಾವೂ ಒಟ್ಟಿಗಿರುವ ಕಾಲ ನಡುವಿನ ಸಾವಿರ ವರುಷವೇ ಎಂದು ಮೊದಲ ಪಕ್ಷ ಹೇಳುತ್ತದೆ. ಆದರೆ ಮೂರೇ ವಚನ ಹಿಂದೆ, 65:17ರಲ್ಲಿ, ಯೆಶಾಯನು ‘ನೂತನಾಕಾಶ, ನೂತನ ಭೂಮಿ’ ಎನ್ನುತ್ತಾನೆ. ಹಾಗಾಗಿ ಕೂಸು ಕಳೆದುಕೊಂಡು ಅತ್ತ ತಾಯಂದಿರಿಗೆ ಅರ್ಥವಾಗುವ ಮಾತಿನಲ್ಲಿ ಪ್ರವಾದಿ ನಿತ್ಯಸುಖವನ್ನೇ ಬಣ್ಣಿಸಿದ್ದಾನೆ ಎನ್ನುತ್ತಾರೆ ಎರಡನೆಯವರು. ಮೊದಲ ಪಕ್ಷಕ್ಕೆ ಇಷ್ಟೇ ಕಷ್ಟ ಕೊಡುವ ವಚನ ಬೇಕೆಂದರೆ 2 ಪೇತ್ರ 3:10-13 ಓದಿ.

ಪ್ರಶ್ನೆ: ನಮ್ಮ ಯುವಕರ ಕೂಟದಲ್ಲಿ ಇದನ್ನು ಅಭ್ಯಾಸ ಮಾಡಬೇಕೆಂದಿದ್ದೇವೆ. ಹೇಗೆ ಶುರು ಮಾಡಲಿ? ಕೆಲವರಿಗೆ ಮಾತು ಕನ್ನಡ, ಓದು ಮರಾಠಿ.
— ಅಕ್ಕಲಕೋಟೆಯ ಓದುಗರು

ಉತ್ತರ: ನಾಲ್ಕು ವಾರ, ವಾರಕ್ಕೆ ಒಂದು ಗಂಟೆ, ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಮರಾಠಿ ಓದುವವರು ಮರಾಠಿ ಬೈಬಲನ್ನೇ ತರಲಿ. ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಓದುವಾಗ ಇನ್ನೊಬ್ಬರು ಮರಾಠಿಯಲ್ಲಿ ಹೋಲಿಸಿದರೆ, ಎಲ್ಲಿ ಪದ ಬೇರೆಯಾಗಿದೆಯೋ ಅಲ್ಲೇ ಒಳ್ಳೆಯ ಪ್ರಶ್ನೆ ಸಿಗುತ್ತದೆ.

ಮೊದಲ ವಾರ ಪ್ರಕಟನೆ 20 ಮಾತ್ರ, ಮೂರು ಸಲ. ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ ‘ಇದೆ’, ಇನ್ನೊಂದು ಕಡೆ ‘ಇದೆ ಎಂದುಕೊಂಡಿದ್ದೆ’ ಎಂದು ಬರೆಸಿ. ಎರಡನೇ ಪಟ್ಟಿ ಉದ್ದವಾಗುತ್ತದೆ. ಆ ಹಾಳೆಗಳನ್ನು ಎತ್ತಿಡಿ. ಎರಡನೇ ವಾರ 11:15ರಿಂದ 12:5 ಮತ್ತು 19:11ರಿಂದ 20:15, ಕ್ರಮದ ಪ್ರಶ್ನೆಗಾಗಿ. ಮೂರನೆಯದರಲ್ಲಿ ಯೆಶಾಯ 65, ಜೆಕರ್ಯ 14, 1 ಕೊರಿಂಥ 15:20-28. ಕೊರಿಂಥದ 23 ಮತ್ತು 24ನೇ ವಚನಗಳ ನಡುವೆ ಸಾವಿರ ವರುಷದ ಸಂದು ಇದೆಯೇ ಎಂಬ ಒಂದೇ ಪ್ರಶ್ನೆಗೆ ಅರ್ಧ ಗಂಟೆ ಕೊಡಿ. ನಾಲ್ಕನೇ ವಾರ ಮೂರೂ ಪಕ್ಷಗಳ ವಾದವನ್ನು, ಆ ಪಕ್ಷ ಹಿಡಿಯದವರಿಂದಲೇ ಹೇಳಿಸಿ.

ಕೂಟ ಕೆಡುವುದು ಎರಡು ಕಡೆ. ಮೊದಲ ದಿನವೇ ಯಾರೋ ದಾನಿಯೇಲ 9ಕ್ಕೆ ಹಾರುತ್ತಾರೆ, ಎಪ್ಪತ್ತು ವಾರದ ಲೆಕ್ಕದಲ್ಲಿ ಇಡೀ ತಿಂಗಳು ಮುಳುಗುತ್ತದೆ. ಇಲ್ಲವೇ ಒಬ್ಬರು ಮೊಬೈಲ್ ತೆಗೆದು ಯಾವುದೋ ಯುದ್ಧದ ಸುದ್ದಿ ತೋರಿಸಿ ಇದೇ ಗೋಗ್ ಎನ್ನುತ್ತಾರೆ. ಪ್ರಕಟನೆ 20:8ರ ಗೋಗ್ ಮಾಗೋಗ್ ಭೂಮಿಯ ನಾಲ್ಕು ದಿಕ್ಕಿನ ಜನಾಂಗಗಳು, ಸಾವಿರ ವರುಷ ತೀರಿದ ಮೇಲೆ ಬರುವವರು. ಅದನ್ನು ಓದಿ ತೋರಿಸಿ, ಮೊಬೈಲುಗಳನ್ನು ಕೂಟ ಮುಗಿಯುವ ತನಕ ಒಂದು ಬುಟ್ಟಿಯಲ್ಲಿ ಹಾಕಿಸಿ.