ದೊಡ್ಡ ತರಗತಿಯ ಮಕ್ಕಳಿಗೆ ಬಹುಮಾನ, ಶಿಕ್ಷೆ ನಿಜಕ್ಕೂ ಕೆಲಸ ಮಾಡುತ್ತಾ?

ಮಾಡುತ್ತದೆ. ಆದರೆ ಚಿಕ್ಕವರಿಗೆ ಕೊಡುವ ಸ್ಟಾರ್, ಸ್ಟಿಕ್ಕರ್ ಹದಿನಾರು ಹದಿನೇಳರ ಮಕ್ಕಳಿಗೆ ಒಗ್ಗುವುದಿಲ್ಲ.

ಮೊದಲು ನಿಯಮ ಸ್ಪಷ್ಟವಾಗಿರಲಿ. ಸುಮ್ನೆ ‘ಶಿಸ್ತಿನಿಂದ ಇರಿ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಬೆಲ್ ಆದಾಗ ಜಾಗದಲ್ಲಿರಿ, ಫೋನ್ ಬ್ಯಾಗಿನಲ್ಲಿರಲಿ’ ಅಂದರೆ ತಿಳಿಯುತ್ತದೆ. ಇಂಥ ನಾಲ್ಕೈದು ಸಾಕು. ಅವನ್ನು ಮಕ್ಕಳ ಜೊತೆ ಕೂತು ಮಾಡಿದರೆ ಇನ್ನೂ ಒಳ್ಳೆಯದು.

ಬಹುಮಾನದಲ್ಲಿ ಎಚ್ಚರ ಬೇಕು. ಡೆಸಿ, ಕೋಸ್ಟ್ನರ್, ರಯಾನ್ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ 128 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮೊದಲೇ ಆಸೆ ತೋರಿಸಿ ಕೊಡುವ ವಸ್ತುಗಳು ಒಳಗಿನ ಆಸಕ್ತಿಯನ್ನೇ ಕುಗ್ಗಿಸುತ್ತವೆ ಎಂದು ಕಂಡುಬಂತು. ಈ ವಯಸ್ಸಿನವರಿಗೆ ಜಾಸ್ತಿ ಬೇಕಿರುವುದು ನಂಬಿಕೆ: ಲ್ಯಾಬ್ ಜವಾಬ್ದಾರಿ, ಕಿರಿಯರಿಗೆ ಹೇಳಿಕೊಡುವ ಅವಕಾಶ, ಮನೆಗೊಂದು ಒಳ್ಳೆಯ ಸುದ್ದಿಯ ಕರೆ. ಹೊಗಳಿಕೆಯೂ ನಿರ್ದಿಷ್ಟವಾಗಿರಲಿ. ‘ಗುಡ್’ ಅನ್ನುವ ಬದಲು ‘ಎರಡನೇ ಪ್ಯಾರಾ ನೀನೇ ತಿದ್ದಿ ಬರೆದೆಯಲ್ಲ, ಈಗ ಅರ್ಥ ಬಿಚ್ಚಿಕೊಂಡಿದೆ’ ಅನ್ನಿ.

ಶಿಕ್ಷೆಯಲ್ಲಿ ನನಗೆ ಮುಖ್ಯ ಅನಿಸುವುದು ಮರ್ಯಾದೆ. ಡೆಸ್ಕಿನ ಕೆಳಗೆ ಫೋನ್ ನೋಡುತ್ತಿರುವ ಹುಡುಗನನ್ನು ಎಲ್ಲರೆದುರು ಬೈದರೆ, ಅವನು ಗೆಳೆಯರ ಮುಂದೆ ಮುಖ ಉಳಿಸಿಕೊಳ್ಳಲು ಎದುರು ಮಾತಾಡುತ್ತಾನೆ, ಅಲ್ವಾ? ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ ‘ಬ್ಯಾಗಿಗೆ ಹಾಕು’ ಅಂದು ಮುಂದೆ ನಡೆಯಿರಿ. ಬಹಳ ಸಲ ಅಷ್ಟೇ ಸಾಕು. ಕೇಳದಿದ್ದರೆ ತರಗತಿ ಮುಗಿದ ಮೇಲೆ ಮಾತು, ಆಮೇಲೆ ಪೋಷಕರು. ಸಣ್ಣ ಶಿಕ್ಷೆಯಾದರೂ ಪ್ರತಿ ಸಲ, ಎಲ್ಲರಿಗೂ ಒಂದೇ ಆಗಿರಬೇಕು. ಒಬ್ಬನ ತಪ್ಪಿಗೆ ಇಡೀ ತರಗತಿಯನ್ನು ದಂಡಿಸುವುದು, ಹೊಡೆಯುವುದು ಬೇಡವೇ ಬೇಡ. ಶಿಕ್ಷೆ ಮುಗಿದ ಮರುದಿನ ಅವನನ್ನು ಹೆಸರು ಹಿಡಿದು ಮಾತಾಡಿಸಿ.